ಕಲ್ಲಿನ ರಥದ ಮೇಲೆ ಶಿಖರವಿರುವ ಹಂಪಿಯ ಚಿತ್ರ

ನಿಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಹಂಪಿಯ ಚಿತ್ರವನ್ನು ಯಾರೋ ತಿದ್ದಿರಬಹುದೇ ಎಂದು ಕೇಳಿದ್ದೀರಿ. ಅದರಲ್ಲಿ ಕಲ್ಲಿನ ರಥದ ಮೇಲೆ ಶಿಖರವಿರುವುದಕ್ಕೆ ಕಾರಣ ಬಹುಶಃ ಯಾರದೋ ಕೈಚಳಕವಲ್ಲ, ಚಿತ್ರದ ವಯಸ್ಸು. ವಿಠ್ಠಲ ದೇವಾಲಯದ ಆ ರಥದ ಮೇಲೆ ಹಿಂದೆ ಇಟ್ಟಿಗೆಯ ಶಿಖರವಿತ್ತು. 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ತೆಗೆದ ಹಂಪಿಯ ಚಿತ್ರಗಳಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಐವತ್ತು ರೂಪಾಯಿಯ ನೋಟಿನಲ್ಲಿರುವ ಬೋಳು ರಥವನ್ನೇ ಮೂಲರೂಪವೆಂದು ನಾವೆಲ್ಲ ನಂಬಿಬಿಟ್ಟಿದ್ದೇವೆ.

ಮೊದಲು ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿ: ಸಾಲುಸಾಲು ಚುಕ್ಕೆಗಳು ಕಂಡರೆ ಅದು ಪುಸ್ತಕದಿಂದಲೋ ಅಂಚೆ ಕಾರ್ಡಿನಿಂದಲೋ ಬಂದ ಮುದ್ರಿತ ಪ್ರತಿ. ಚುಕ್ಕೆಗಳಿಲ್ಲದಿದ್ದರೂ ಮೂಲಪ್ರತಿಯೆಂದು ಖಚಿತವಾಗಿ ಹೇಳಲಾಗದು, ಏಕೆಂದರೆ ಹಳೆಯ ಚಿತ್ರವನ್ನೇ ಮತ್ತೆ ಛಾಯಾಚಿತ್ರ ತೆಗೆದಿರಬಹುದು. ಅನಂತರ ನಿಮ್ಮದು ಗ್ರೀನ್‌ಲಾ ಚಿತ್ರದ ಪ್ರತಿಯೇ ಎಂದು ತಿಳಿಯಲು ನೆರಳಿನ ದಿಕ್ಕನ್ನೂ ಶಿಖರದ ಬಿರುಕುಗಳನ್ನೂ ಅದರೊಂದಿಗೆ ಹೋಲಿಸಿ. ಚಿತ್ರವನ್ನು ರಟ್ಟಿಗೆ ಅಂಟಿಸಿದ್ದರೆ ಬಿಡಿಸಲು ಹೋಗದೆ, ಎರಡೂ ಬದಿಗಳನ್ನು ಸ್ಕ್ಯಾನ್ ಮಾಡಿ ಇಲ್ಲಿ ಹಾಕಿ.