ಪೋಲೆಂಡಿಗೆ ಹೋದವರು ರುಚಿ ನೋಡಬೇಕಾದ ಸಾಂಪ್ರದಾಯಿಕ ತಿನಿಸುಗಳು ಯಾವುವು?

ಒಂದನ್ನೇ ಆರಿಸಬೇಕೆಂದರೆ ನನ್ನ ಮತ ಝುರೆಕ್ ಎಂಬ ಹುಳಿ ಸೂಪಿಗೆ. ರೈ ಎಂಬ ಧಾನ್ಯದ ಹಿಟ್ಟನ್ನು ನೀರಿನಲ್ಲಿ ಕದಡಿ, ಬೆಳ್ಳುಳ್ಳಿ ಹಾಕಿ, ಕೆಲವು ದಿನ ಹುಳಿಯಲು ಬಿಡುತ್ತಾರೆ. ಆ ಹುಳಿನೀರೇ ಇದರ ಜೀವ. ಬೇಯಿಸಿದ ಮೊಟ್ಟೆ, ಬಿಳಿ ಸಾಸೇಜ್ ಜೊತೆಗಿರುತ್ತವೆ. ಈಸ್ಟರ್ ಊಟಕ್ಕೆ ಇದು ಬೇಕೇ ಬೇಕು.

ಪಿಯೆರೋಗಿ ನಮ್ಮ ಕರಿಗಡುಬಿನ ಆಕಾರದ್ದು, ಆದರೆ ಸಾಮಾನ್ಯವಾಗಿ ನೀರಿನಲ್ಲಿ ಬೇಯಿಸಿದ್ದು. ಆಲೂಗಡ್ಡೆ, ತಾಜಾ ಚೀಸ್ ಮತ್ತು ಹುರಿದ ಈರುಳ್ಳಿ ತುಂಬಿದ ‘ರುಸ್ಕಿಯೆ’ ಬಗೆಯನ್ನು ಕೇಳಿ. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಮೇಲೆ ಹುರಿದ ಹಂದಿಕೊಬ್ಬಿನ ಚೂರುಗಳನ್ನು ಉದುರಿಸುವ ವಾಡಿಕೆಯಿದೆ, ಬೇಡವೆಂದು ಮೊದಲೇ ಹೇಳಿಬಿಡಿ. ಬೇಸಿಗೆಯಲ್ಲಿ ಬ್ಲೂಬೆರಿ ತುಂಬಿದ ಸಿಹಿ ಪಿಯೆರೋಗಿಯೂ ಸಿಗುತ್ತದೆ, ಅದನ್ನು ಬಿಡಬೇಡಿ.

ಮಾಂಸ ತಿನ್ನುವವರಿಗೆ ಬಿಗೊಸ್. ಹುಳಿ ಬರಿಸಿದ ಎಲೆಕೋಸು, ಹಲವು ಬಗೆಯ ಮಾಂಸ, ಒಣ ಅಣಬೆಗಳನ್ನು ಗಂಟೆಗಟ್ಟಲೆ ಬೇಯಿಸಿದ ಪದಾರ್ಥವಿದು. ನೋಡಲು ಚೆಂದವಿಲ್ಲ, ಆದರೆ ಮರುದಿನ ಬಿಸಿ ಮಾಡಿದಾಗ ರುಚಿ ಇನ್ನೂ ಏರುತ್ತದೆ.

ತಾತ್ರಾ ಬೆಟ್ಟಗಳ ಕಡೆ, ಝಾಕೊಪಾನೆಗೆ ಹೋದರೆ ಒಸ್ತ್ಸಿಪೆಕ್ ತಿನ್ನಿ. ಕುರಿ ಹಾಲಿನಿಂದ ಮಾಡಿ ಹೊಗೆಯಲ್ಲಿಟ್ಟ ಈ ಗಟ್ಟಿ ಚೀಸಿಗೆ 2008ರಲ್ಲಿ ಯುರೋಪಿಯನ್ ಒಕ್ಕೂಟದ ಮೂಲಸ್ಥಾನ ರಕ್ಷಣೆ ದೊರೆತಿದೆ, ಅಂದರೆ ಆ ಸೀಮೆಯಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಕೆಂಡದ ಮೇಲೆ ಸುಟ್ಟು, ಕ್ರ್ಯಾನ್‌ಬೆರಿ ಜಾಮ್ ಜೊತೆಗೆ ಕೊಡುತ್ತಾರೆ. ಅಂಗಡಿಗಳಲ್ಲಿ ಹಸುವಿನ ಹಾಲಿನ ನಕಲುಗಳೂ ಉಂಟು, ಕೇಳಿ ಕೊಳ್ಳಿ.

ಜೇಬಿಗೆ ಭಾರವಾಗಬಾರದೆಂದರೆ ‘ಬಾರ್ ಮ್ಲೆಚ್ನಿ’ ಎಂಬ ಸರಳ ಊಟದ ಮನೆಗಳನ್ನು ಹುಡುಕಿ. ಮದ್ಯವಿಲ್ಲ, ಆಡಂಬರವಿಲ್ಲ, ಪಿಯೆರೋಗಿಯೂ ಸೂಪೂ ಅಗ್ಗ.