ಓದುಗರ ಪ್ರಶ್ನೆಗಳು: ಬಡಾವಣೆಯ ತಾರಸಿಗಳಿಗೆ ಸೌರ ವಿದ್ಯುತ್

ಪ್ರಶ್ನೆ: ನಾನು ನಮ್ಮ ಬಡಾವಣೆಯ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ. ನಮ್ಮಲ್ಲಿ ಎಂಬತ್ತಕ್ಕೂ ಹೆಚ್ಚು ಸ್ವಂತ ಮನೆಗಳಿವೆ. ತಾರಸಿಯ ಮೇಲೆ ಸೌರ ವಿದ್ಯುತ್ ಘಟಕ ಹಾಕಿಸಿದವರು ಮೂವರು ಮಾತ್ರ. ಸಭೆ ಕರೆದು, ಕರಪತ್ರ ಹಂಚಿ, ಪರಿಸರದ ಬಗ್ಗೆ ಉಪನ್ಯಾಸವನ್ನೂ ಏರ್ಪಡಿಸಿದೆವು. ಎಲ್ಲರೂ ತಲೆದೂಗಿದರೇ ಹೊರತು ಯಾರೂ ಮುಂದೆ ಬರಲಿಲ್ಲ. ಜನರನ್ನು ಒಪ್ಪಿಸುವುದು ಹೇಗೆ?
– ಓದುಗರೊಬ್ಬರು, ಮೈಸೂರು

ಉತ್ತರ: ಸಭೆಯಲ್ಲಿ ಮಾತನಾಡಿದವರ ಮನೆಯ ಮೇಲೆ ಸೌರ ಫಲಕಗಳಿದ್ದವೇ ಎಂಬುದನ್ನು ನಿಮ್ಮ ಪತ್ರ ತಿಳಿಸಿಲ್ಲ. ಕುಹಕಕ್ಕಾಗಿ ಇದನ್ನು ಕೇಳುತ್ತಿಲ್ಲ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಸ್ಥಳೀಯ ಸ್ವಯಂಸೇವಕರ ಮೂಲಕ ಮನೆಮಾಲೀಕರನ್ನು ಸೌರ ವಿದ್ಯುತ್ತಿನ ಕಡೆಗೆ ಒಲಿಸುವ ಕಾರ್ಯಕ್ರಮವೊಂದು ನಡೆದಿತ್ತು. ಅಲ್ಲಿನ 58 ಊರುಗಳ ಅನುಭವವನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಆ ಕಾರ್ಯಕ್ರಮದಡಿ ತಾವೇ ಫಲಕ ಹಾಕಿಸಿಕೊಂಡಿದ್ದ ಸ್ವಯಂಸೇವಕರು, ಹಾಕಿಸಿಕೊಳ್ಳದೆ ಬರೀ ಮಾತಿನಲ್ಲಿ ಪ್ರಚಾರ ಮಾಡಿದವರಿಗಿಂತ ಶೇಕಡ 60ಕ್ಕೂ ಹೆಚ್ಚು ಮನೆಗಳನ್ನು ಒಪ್ಪಿಸಿದ್ದರು. ಶಾಸ್ತ್ರ ಹೇಳಿ ಬದನೆಕಾಯಿ ತಿನ್ನುವವರ ಮಾತನ್ನು ನಮ್ಮಲ್ಲಿಯೂ ಯಾರೂ ನಂಬುವುದಿಲ್ಲ. ಆದ್ದರಿಂದ ಸಂಘದ ಪದಾಧಿಕಾರಿಗಳಲ್ಲಿ ಒಬ್ಬಿಬ್ಬರಾದರೂ ಮೊದಲು ತಮ್ಮ ಮನೆಗೆ ಹಾಕಿಸಲಿ. ಅದು ಸಾಧ್ಯವಿಲ್ಲದಿದ್ದರೆ, ಈಗಾಗಲೇ ಹಾಕಿಸಿರುವ ಆ ಮೂರು ಮನೆಯವರೇ ಮಾತನಾಡಲಿ.

ಅವರನ್ನು ವೇದಿಕೆಗೆ ಕರೆಯುವುದಕ್ಕಿಂತ, ಒಂದು ಭಾನುವಾರ ಬೆಳಿಗ್ಗೆ ಹತ್ತು ಹದಿನೈದು ಮಂದಿಯನ್ನು ಅವರ ತಾರಸಿಗೆ ಕರೆದೊಯ್ಯುವುದು ಒಳ್ಳೆಯದು. ಅಲ್ಲಿ ತೋರಿಸಬೇಕಾದದ್ದು ಫಲಕಗಳಿಗಿಂತ ಮುಖ್ಯವಾಗಿ ವಿದ್ಯುತ್ ಬಿಲ್. ಬೇಸಿಗೆಯ ಏಪ್ರಿಲ್ ತಿಂಗಳ ಬಿಲ್ಲನ್ನಷ್ಟೇ ಅಲ್ಲದೆ, ಮೋಡ ಕವಿದ ಜುಲೈ ತಿಂಗಳ ಬಿಲ್ಲನ್ನೂ ಪಕ್ಕದಲ್ಲಿಟ್ಟು ತೋರಿಸಿ. ಎರಡೂ ದಿಕ್ಕಿನಲ್ಲಿ ಎಣಿಸುವ ಮೀಟರ್ ಇರುವ ಮನೆಯ ಬಿಲ್ಲಿನಲ್ಲಿ, ವಿದ್ಯುತ್ ಸರಬರಾಜು ಕಂಪನಿಯಿಂದ ಪಡೆದ ಯೂನಿಟ್ ಎಷ್ಟು, ಕಂಪನಿಗೆ ಹರಿಸಿದ ಯೂನಿಟ್ ಎಷ್ಟು, ಒಂದರಿಂದ ಇನ್ನೊಂದನ್ನು ಕಳೆದು ಉಳಿದದ್ದೆಷ್ಟು ಎಂಬುದು ಬೇರೆ ಬೇರೆಯಾಗಿ ನಮೂದಾಗಿರುತ್ತದೆ. ಬಳಕೆಯ ಮೊತ್ತ ಸೊನ್ನೆಯಾದ ತಿಂಗಳಲ್ಲೂ ಮಂಜೂರಾದ ಲೋಡಿನ ಮೇಲಿನ ನಿಗದಿತ ಶುಲ್ಕ ಬಿಲ್ಲಿನಲ್ಲಿ ಉಳಿದಿರುತ್ತದೆ. ಇದನ್ನು ಮುಚ್ಚಿಟ್ಟು "ಬಿಲ್ಲೇ ಬರುವುದಿಲ್ಲ" ಎಂದು ಹೇಳಿ ಮಾರುವವರು ಬಹಳ ಮಂದಿಯಿದ್ದಾರೆ. ಹಾಗೆ ನಂಬಿ ಹಾಕಿಸಿದವರು ಮೊದಲ ಬಿಲ್ ಕಂಡೊಡನೆ ಬೀದಿಯೆಲ್ಲ ಅಪಪ್ರಚಾರ ಮಾಡುತ್ತಾರೆ. ಅದರಲ್ಲಿ ಅವರ ತಪ್ಪೂ ಇಲ್ಲ.

ಎಂಬತ್ತು ಮನೆಗಳನ್ನೂ ಒಪ್ಪಿಸಬೇಕೆಂಬ ಹಟ ಬೇಡ ಎಂಬುದು ನಮ್ಮ ಎರಡನೆಯ ಸಲಹೆ. ಗೃಹಜ್ಯೋತಿ ಯೋಜನೆಯಡಿ ತನಗೆ ಗೊತ್ತುಪಡಿಸಿದ ಮಿತಿಯೊಳಗೆ ಬಳಸಿ ಈಗಾಗಲೇ ಬಿಲ್ ಕಟ್ಟದಿರುವ ಕುಟುಂಬಕ್ಕೆ, ಹಣದ ದೃಷ್ಟಿಯಿಂದ ಸೌರ ಘಟಕ ಹಾಕಿಸುವ ಕಾರಣವೇ ಇಲ್ಲ. ಅಂಥ ಮನೆಗೆ ಹೋಗಿ ಉಳಿತಾಯದ ಲೆಕ್ಕ ಹೇಳುವುದು ಅವರ ಸಮಯವನ್ನೂ ನಿಮ್ಮ ಸಮಯವನ್ನೂ ಹಾಳುಮಾಡಿದಂತೆ. ಆದರೆ ತಿಂಗಳಿಗೆ 200 ಯೂನಿಟ್ ಮೀರಿದ ಮನೆ ಇಡೀ ಬಿಲ್ಲನ್ನು ತಾನೇ ಕಟ್ಟಬೇಕು. ಎರಡು ಅಂತಸ್ತಿನ ಮನೆಯವರು, ಹವಾನಿಯಂತ್ರಕ ಇರುವವರು, ಇಂಡಕ್ಷನ್ ಒಲೆಯಲ್ಲಿ ಅಡುಗೆ ಮಾಡುವವರು, ಬ್ಯಾಟರಿ ಸ್ಕೂಟರ್ ಅಥವಾ ಕಾರು ಕೊಂಡವರು ಈ ಗುಂಪಿಗೆ ಸೇರುತ್ತಾರೆ. ನಿಮ್ಮ ಬಡಾವಣೆಯಲ್ಲಿ ಇಂಥ ಮನೆಗಳು ಇಪ್ಪತ್ತಿದ್ದರೂ ಅಲ್ಲಿಂದ ಆರಂಭಿಸುವುದೇ ಸರಿ.

ಅವರ ಮುಂದಿಡಬೇಕಾದ ಲೆಕ್ಕ ಹೀಗಿದೆ. ಕರ್ನಾಟಕದ ಬಿಸಿಲಿನಲ್ಲಿ ಒಂದು ಕಿಲೋವ್ಯಾಟ್ ಫಲಕವು ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಅಂದರೆ 3 ಕಿಲೋವ್ಯಾಟ್ ಘಟಕದಿಂದ ತಿಂಗಳಿಗೆ 350 ಯೂನಿಟ್ ಆಸುಪಾಸು. ಇದಕ್ಕೆ ಇನ್ನೂರರಿಂದ ಮುನ್ನೂರು ಚದರ ಅಡಿ ನೆರಳಿಲ್ಲದ ಜಾಗ ಸಾಕು. ಕೇಂದ್ರ ಸರ್ಕಾರವು 2024ರಲ್ಲಿ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ, ಒಟ್ಟು 78,000 ರೂಪಾಯಿ ಸಹಾಯಧನವಿದೆ. ಅದಕ್ಕಿಂತ ದೊಡ್ಡ ಘಟಕ ಹಾಕಿಸಿದರೂ ಸಹಾಯಧನ ಹೆಚ್ಚುವುದಿಲ್ಲ. ಘಟಕದ ಬೆಲೆ ಎರಡು ಲಕ್ಷದ ಹತ್ತಿರ ಎಂದಿಟ್ಟುಕೊಂಡರೆ ಕೈಯಿಂದ ಹೋಗುವುದು ಒಂದು ಲಕ್ಷದ ಇಪ್ಪತ್ತು ಸಾವಿರದಷ್ಟು. ಯೂನಿಟ್ಟಿಗೆ 6 ರೂಪಾಯಿಯಂತೆ ತಿಂಗಳಿಗೆ 300 ಯೂನಿಟ್ ಬಳಸುವ ಮನೆಗೆ ಐದಾರು ವರ್ಷಗಳಲ್ಲಿ ಆ ಹಣ ಹಿಂದಿರುಗುತ್ತದೆ. ಫಲಕಗಳಿಗೆ ಸಾಮಾನ್ಯವಾಗಿ 25 ವರ್ಷಗಳ ಉತ್ಪಾದನಾ ಖಾತರಿ ಇರುತ್ತದೆಯಾದರೂ, ಫಲಕದ ವಿದ್ಯುತ್ತನ್ನು ಮನೆಯ ಬಳಕೆಗೆ ತಕ್ಕಂತೆ ಬದಲಿಸುವ ಇನ್ವರ್ಟರ್ ಅಷ್ಟು ಕಾಲ ಬಾಳುವುದಿಲ್ಲ. ನಡುವೆ ಒಮ್ಮೆ ಅದನ್ನು ಬದಲಿಸುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಯೇ ಹೇಳಿ. ಅಗತ್ಯಕ್ಕಿಂತ ದೊಡ್ಡ ಘಟಕ ಹಾಕಿಸಿ ವಿದ್ಯುತ್ ಮಾರಿ ಲಾಭ ಮಾಡಿಕೊಳ್ಳುವ ಆಸೆಯನ್ನು ಯಾರಲ್ಲೂ ಹುಟ್ಟಿಸಬೇಡಿ. ಏಕೆಂದರೆ ಉಳಿದ ಯೂನಿಟ್ಟಿಗೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ.

ಇನ್ನು ತಾರಸಿಯ ವಿಷಯ. ಅನೇಕ ಮನೆಗಳಲ್ಲಿ ಅಡ್ಡಿಯಾಗುವುದು ಹಣವಲ್ಲ. ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಒಣಗಿಸುವ ಜಾಗ ಹೋಗುತ್ತದೆ, ಬಟ್ಟೆ ಹಾಕಲು ತಂತಿ ಕಟ್ಟುವಂತಿಲ್ಲ, ಮುಂದೆ ಇನ್ನೊಂದು ಅಂತಸ್ತು ಕಟ್ಟುವ ಯೋಚನೆಯಿದೆ ಎಂಬಂಥ ಮಾತುಗಳು ಸಭೆಯಲ್ಲಿ ಬರುವುದಿಲ್ಲ; ಸಭೆ ಮುಗಿಸಿ ಮನೆಗೆ ಹೋದ ಮೇಲೆ ಬರುತ್ತವೆ. ನಿಮ್ಮ ಸಭೆಗೆ ಬಂದವರು ಹೆಚ್ಚಾಗಿ ಗಂಡಸರೇ ಆಗಿದ್ದರೆ, ತಾರಸಿಯನ್ನು ನಿಜವಾಗಿ ಬಳಸುವವರ ಅಭಿಪ್ರಾಯ ನಿಮಗೆ ಸಿಕ್ಕಿಲ್ಲವೆಂದೇ ಅರ್ಥ. ಏಳೆಂಟು ಅಡಿ ಎತ್ತರದ ಕಬ್ಬಿಣದ ಚೌಕಟ್ಟಿನ ಮೇಲೆ ಫಲಕ ಕೂರಿಸಿದರೆ ಕೆಳಗಿನ ಜಾಗ ಬಳಕೆಗೆ ಉಳಿಯುತ್ತದೆ. ಖರ್ಚು ಸ್ವಲ್ಪ ಹೆಚ್ಚು, ಗಾಳಿಯ ಹೊಡೆತವೂ ಹೆಚ್ಚಾದ್ದರಿಂದ ಅಡಿಪಾಯ ಗಟ್ಟಿಯಾಗಿರಬೇಕು. ಮತ್ತೊಂದು ತೊಡಕು ನಮ್ಮ ಮನೆಗಳ ವಿಶೇಷ. ವಾಸ್ತುವಿನ ಪ್ರಕಾರ ನೀರಿನ ಟ್ಯಾಂಕನ್ನು ನೈಋತ್ಯ ಮೂಲೆಯಲ್ಲಿ ಎತ್ತರಕ್ಕೆ ಕಟ್ಟಿರುತ್ತೇವೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವಾಗ, ಮಧ್ಯಾಹ್ನದ ನಂತರ ಆ ಟ್ಯಾಂಕಿನ ನೆರಳು ನೇರವಾಗಿ ತಾರಸಿಯ ನಡುವಿಗೆ ಬೀಳುತ್ತದೆ. ಫಲಕಗಳು ಒಂದಕ್ಕೊಂದು ಸಾಲಾಗಿ ಜೋಡಣೆಯಾಗಿರುವುದರಿಂದ ಒಂದರ ಮೇಲೆ ಬಿದ್ದ ನೆರಳು ಇಡೀ ಸಾಲಿನ ಉತ್ಪಾದನೆಯನ್ನು ಕುಗ್ಗಿಸಬಲ್ಲದು. ಹಾಕಿಸುವ ಮೊದಲು ಡಿಸೆಂಬರ್ ತಿಂಗಳ ಮೂರು ಗಂಟೆಯ ನೆರಳು ಎಲ್ಲಿಗೆ ಬರುತ್ತದೆಂದು ಗುರುತು ಮಾಡಿಸಿಕೊಳ್ಳಿ. ಇದನ್ನು ಕೇಳಿದಾಗ ತಬ್ಬಿಬ್ಬಾಗುವ ಗುತ್ತಿಗೆದಾರನನ್ನು ಅಲ್ಲಿಂದಲೇ ಕಳುಹಿಸಿಬಿಡಬಹುದು.

ಹತ್ತು ಮನೆಗಳು ಒಪ್ಪಿದ ಮೇಲೆ ಸಂಘದ ನಿಜವಾದ ಕೆಲಸ ಆರಂಭವಾಗುತ್ತದೆ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ 2009ರಲ್ಲಿ ನೆರೆಹೊರೆಯವರು ಒಟ್ಟಾಗಿ ಒಬ್ಬನೇ ಗುತ್ತಿಗೆದಾರನನ್ನು ಆರಿಸಿ, ಸಗಟು ದರ ಪಡೆದು ಫಲಕ ಹಾಕಿಸಿಕೊಂಡ ಕ್ರಮ ಮುಂದೆ ಆ ದೇಶದ ಅನೇಕ ಊರುಗಳಿಗೆ ಹರಡಿತು. ಬೆಲೆ ಇಳಿದದ್ದು ಒಂದು ಲಾಭವಾದರೆ, ಯಾರನ್ನು ನಂಬುವುದು ಎಂಬ ತಲೆನೋವು ಪ್ರತಿ ಮನೆಗೂ ತಪ್ಪಿದ್ದು ಅದಕ್ಕಿಂತ ದೊಡ್ಡ ಲಾಭ. ನೀವೂ ಪಿಎಂ ಸೂರ್ಯಘರ್ ಯೋಜನೆಯ ಜಾಲತಾಣದಲ್ಲಿ ನೋಂದಾಯಿತರಾದ ಮೂರ್ನಾಲ್ಕು ಗುತ್ತಿಗೆದಾರರಿಂದ ಲಿಖಿತ ದರಪಟ್ಟಿ ತರಿಸಿ ಸಂಘದ ಸೂಚನಾ ಫಲಕದಲ್ಲಿ ಹಾಕಿ. ಭಾರತದಲ್ಲೇ ತಯಾರಾದ ಫಲಕಗಳಿಗೆ ಮಾತ್ರ ಸಹಾಯಧನ ಸಿಗುತ್ತದೆ. ಘಟಕ ಸ್ಥಾಪನೆಯಾಗಿ, ತಪಾಸಣೆ ಮುಗಿದ ಮೇಲೆ ಅದು ಮನೆಮಾಲೀಕರ ಬ್ಯಾಂಕ್ ಖಾತೆಗೇ ನೇರವಾಗಿ ಬರುತ್ತದೆ. ಆದ್ದರಿಂದ ಮೊದಲಿಗೆ ಪೂರ್ತಿ ಹಣ ಹೊಂದಿಸಿಕೊಳ್ಳಬೇಕಾಗುತ್ತದೆ, ಇಲ್ಲವೇ ಈ ಯೋಜನೆಗಾಗಿಯೇ ಬ್ಯಾಂಕುಗಳು ಅಡಮಾನವಿಲ್ಲದೆ ಕೊಡುವ ಸಾಲ ಪಡೆಯಬೇಕಾಗುತ್ತದೆ. ಯೋಜನೆಯ ಅವಧಿ 2026–27ರ ವರೆಗೆ ಎಂಬುದು ನೆನಪಿರಲಿ.

ಪ್ರಶ್ನೆ: ನಮ್ಮ ಪಕ್ಕದ ಮನೆಯವರು ಸೌರ ಘಟಕ ಹಾಕಿಸಿದ್ದಾರೆ. ಆದರೆ ಕರೆಂಟ್ ಹೋದಾಗ, ಬಿಸಿಲು ರಣಗುಡುತ್ತಿದ್ದರೂ, ಅವರ ಮನೆಯ ಫ್ಯಾನೂ ನಿಲ್ಲುತ್ತದೆ. ಹಾಗಾದರೆ ಪ್ರಯೋಜನವೇನು?
– ಗೃಹಿಣಿಯೊಬ್ಬರು, ದಾವಣಗೆರೆ

ಉತ್ತರ: ಅದು ದೋಷವಲ್ಲ, ಬೇಕೆಂದೇ ಮಾಡಿದ ಏರ್ಪಾಡು. ಲೈನ್‌ಮನ್ ಕಂಬ ಹತ್ತಿ ದುರಸ್ತಿ ಮಾಡುತ್ತಿರುವಾಗ ನಿಮ್ಮ ನೆರೆಮನೆಯ ತಾರಸಿಯಿಂದ ತಂತಿಗೆ ವಿದ್ಯುತ್ ಹರಿದರೆ ಅವರ ಪ್ರಾಣಕ್ಕೇ ಅಪಾಯ. ಅದಕ್ಕಾಗಿ ಸರಬರಾಜು ನಿಂತ ಕೂಡಲೇ ಇನ್ವರ್ಟರ್ ತಾನಾಗಿಯೇ ಕೆಲಸ ನಿಲ್ಲಿಸುವಂತೆ ಮಾಡಿರುತ್ತಾರೆ. ಕರೆಂಟ್ ಹೋದಾಗಲೂ ದೀಪ, ಫ್ಯಾನ್, ಫ್ರಿಜ್ ನಡೆಯಬೇಕೆಂದರೆ ಬ್ಯಾಟರಿ ಜೋಡಿಸಬಹುದಾದ ಹೈಬ್ರಿಡ್ ಇನ್ವರ್ಟರ್ ಬೇಕು, ಅದಕ್ಕೆ ಖರ್ಚು ಹೆಚ್ಚು. ನಿಮ್ಮ ಮನೆಯಲ್ಲಿ ಈಗಾಗಲೇ ಯುಪಿಎಸ್ ಇದ್ದು, ದಿನಕ್ಕೆ ಒಂದೆರಡು ಗಂಟೆ ಮಾತ್ರ ಕರೆಂಟ್ ಹೋಗುವುದಾದರೆ, ಅದನ್ನೇ ಉಳಿಸಿಕೊಂಡು ಬ್ಯಾಟರಿಯಿಲ್ಲದ ಸೌರ ಘಟಕ ಹಾಕಿಸುವುದು ಮೇಲು. ಈ ವಿಷಯವನ್ನು ಮಾರುವವರು ಮೊದಲೇ ಹೇಳಿದ್ದರೆ ನಿಮ್ಮ ನೆರೆಯವರಿಗೆ ಬೇಸರವಾಗುತ್ತಿರಲಿಲ್ಲ, ನಿಮಗೆ ಅನುಮಾನವೂ ಬರುತ್ತಿರಲಿಲ್ಲ.

ಪ್ರಶ್ನೆ: ನಮ್ಮ ಜಿಲ್ಲೆಯ ಕಪ್ಪತಗುಡ್ಡದ ಸಾಲಿನಲ್ಲಿ ಎಲ್ಲಿ ನೋಡಿದರೂ ಗಾಳಿಯಂತ್ರಗಳು ತಿರುಗುತ್ತವೆ. ನಮ್ಮ ಓಣಿಯ ಮನೆಗಳ ಮೇಲೂ ಸಣ್ಣ ಗಾಳಿಯಂತ್ರಗಳನ್ನು ಹಾಕಿಸಲು ಜನರನ್ನು ಹುರಿದುಂಬಿಸಬಹುದೇ?
– ನಿವೃತ್ತ ಶಿಕ್ಷಕರೊಬ್ಬರು, ಗದಗ

ಉತ್ತರ: ಹುರಿದುಂಬಿಸಬೇಡಿ ಎಂದೇ ನಮ್ಮ ಸಲಹೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ವೇಗ ಅರ್ಧಕ್ಕಿಳಿದರೆ ಶಕ್ತಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸಣ್ಣ ಯಂತ್ರದ ಮೇಲೆ "1 ಕಿಲೋವ್ಯಾಟ್" ಎಂದು ಬರೆದಿರುವುದು ಸಾಮಾನ್ಯವಾಗಿ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿಗೆ ಸಂಬಂಧಿಸಿದ ಅಂಕಿ. ಅದೇ ಯಂತ್ರ 20 ಕಿಲೋಮೀಟರ್ ವೇಗದ ಗಾಳಿಯಲ್ಲಿ ಕೊಡುವುದು ಹಳೆಯ ಎರಡು ಫ್ಯಾನುಗಳಿಗೂ ಸಾಲದಷ್ಟು ವಿದ್ಯುತ್ತನ್ನು. ಓಣಿಯ ತಾರಸಿಯಲ್ಲಿ ಅಕ್ಕಪಕ್ಕದ ಮನೆ, ಮರ, ಟ್ಯಾಂಕುಗಳಿಗೆ ಬಡಿದು ಸುಳಿಸುಳಿಯಾಗಿ ಬರುವ ಗಾಳಿ ಅದಕ್ಕಿಂತಲೂ ದುರ್ಬಲ. ಸುತ್ತಲಿನ ಐನೂರು ಅಡಿಯೊಳಗೆ ಇರುವ ಎಲ್ಲ ಅಡೆತಡೆಗಳಿಗಿಂತ ಕನಿಷ್ಠ ಮೂವತ್ತು ಅಡಿ ಎತ್ತರದಲ್ಲಿ ಯಂತ್ರ ಇರಬೇಕೆಂಬುದು ಈ ಕ್ಷೇತ್ರದಲ್ಲಿ ಒಪ್ಪಿತವಾದ ಸೂತ್ರ. ಅಷ್ಟೆತ್ತರದ ಕಂಬವನ್ನು ಮನೆಯ ಮೇಲೆ ನಿಲ್ಲಿಸಿದರೆ ಅದರ ಅದುರುವಿಕೆ ಗೋಡೆಗೆ ಇಳಿಯುತ್ತದೆ, ಸದ್ದು ಮಲಗುವ ಕೋಣೆಗೆ ಬರುತ್ತದೆ. ಗುಡ್ಡದ ಮೇಲಿನ ದೊಡ್ಡ ಯಂತ್ರಗಳು ಗೆಲ್ಲುವುದು ಎತ್ತರದಿಂದ ಮತ್ತು ರೆಕ್ಕೆಯ ಉದ್ದದಿಂದ. ಊರಿನ ಹೊರಗೆ ಬಯಲು ಹೊಲದಲ್ಲಿ ಒಂಟಿ ಮನೆ ಇರುವವರು, ಒಂದು ವರ್ಷವಾದರೂ ಗಾಳಿಯ ವೇಗ ಅಳೆಸಿ ನೋಡಿ ಆಮೇಲೆ ಯೋಚಿಸಬಹುದು. ಮುಂಗಾರಿನಲ್ಲಿ ಬಿಸಿಲು ಕಡಿಮೆಯಾಗಿ ಗಾಳಿ ಹೆಚ್ಚಾಗುವುದರಿಂದ ಅಂಥ ಕಡೆ ಸೌರ ಫಲಕದ ಜೊತೆಗೆ ಅದು ಒಳ್ಳೆಯ ಜೋಡಿಯಾದೀತು.

ಆದರೆ ಗಾಳಿಯ ವಿದ್ಯುತ್ತಿನಲ್ಲಿ ಊರಿನವರಿಗೆ ಪಾಲು ಬೇಕೆನ್ನುವುದಾದರೆ ಬೇರೆ ದಾರಿಯೂ ಇದೆ. ತಮಿಳುನಾಡಿನ ಕೊಯಮತ್ತೂರಿನಿಂದ ಊಟಿಗೆ ಹೋಗುವ ದಾರಿಯಲ್ಲಿ ಸಿಗುವ ಮೆಟ್ಟುಪಾಳಯಂ ಬಳಿಯ ಓಡಂತುರೈ ಗ್ರಾಮ ಪಂಚಾಯಿತಿ 2006ರಲ್ಲಿ ಸುಮಾರು ಒಂದೂವರೆ ಕೋಟಿ ರೂಪಾಯಿ ವೆಚ್ಚದಲ್ಲಿ 350 ಕಿಲೋವ್ಯಾಟ್ ಸಾಮರ್ಥ್ಯದ ಗಾಳಿಯಂತ್ರವೊಂದನ್ನು ಸಾಲ ಮಾಡಿ ಕೊಂಡಿತು. ಬೀದಿದೀಪ ಮತ್ತು ನೀರಿನ ಪಂಪುಗಳ ಬಳಕೆಗೆ ಸರಿಹೊಂದಿಸಿ ಮಿಕ್ಕ ವಿದ್ಯುತ್ತನ್ನು ಆ ರಾಜ್ಯದ ವಿದ್ಯುತ್ ಮಂಡಳಿಗೆ ಮಾರಿತು. ನಿಮ್ಮ ಗ್ರಾಮ ಪಂಚಾಯಿತಿಗಳ ಮುಂದೆ, ಸಹಕಾರಿ ಸಂಘಗಳ ಮುಂದೆ ಇಡಬೇಕಾದ ಉದಾಹರಣೆ ಅದು. ನೀವು ಶಿಕ್ಷಕರಾಗಿದ್ದವರು, ಇಡೀ ಗುಡ್ಡದ ಸಾಲು ಕಣ್ಣೆದುರಿಗೇ ಇರುವಾಗ ಈ ಪ್ರಶ್ನೆಯನ್ನು ಗ್ರಾಮಸಭೆಯಲ್ಲಿ ಎತ್ತಲು ನಿಮಗಿಂತ ತಕ್ಕವರಿಲ್ಲ.

ಪ್ರಶ್ನೆ: ನಮ್ಮದು ಅಪಾರ್ಟ್‌ಮೆಂಟ್. ತಾರಸಿ ಯಾರೊಬ್ಬರದೂ ಅಲ್ಲ. ನಾವೇನು ಮಾಡಬಹುದು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಲಿಫ್ಟ್, ನೀರಿನ ಪಂಪು, ಕೊಳಚೆ ನೀರು ಶುದ್ಧೀಕರಣ ಘಟಕ, ಮೊಗಸಾಲೆಯ ದೀಪಗಳ ಬಿಲ್ಲನ್ನು ನೀವೆಲ್ಲರೂ ನಿರ್ವಹಣಾ ಶುಲ್ಕದ ರೂಪದಲ್ಲಿ ಕಟ್ಟುತ್ತಿದ್ದೀರಿ. ಸೌರ ಘಟಕವನ್ನು ಈ ಸಾಮೂಹಿಕ ಮೀಟರಿಗೇ ಜೋಡಿಸಬಹುದು. ವಸತಿ ಸಂಘಗಳಿಗೆ, ವಾಹನ ಚಾರ್ಜಿಂಗ್ ಸೇರಿದಂತೆ ಸಾಮೂಹಿಕ ಬಳಕೆಗಾಗಿ, ಮನೆಯೊಂದಕ್ಕೆ 3 ಕಿಲೋವ್ಯಾಟಿನ ಲೆಕ್ಕದಲ್ಲಿ 500 ಕಿಲೋವ್ಯಾಟಿನ ವರೆಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನವಿದೆ. ಇಲ್ಲಿ ಪ್ರತಿ ಮನೆಯನ್ನೂ ಒಪ್ಪಿಸಬೇಕಾಗಿಲ್ಲ, ಸರ್ವಸದಸ್ಯರ ಸಭೆಯಲ್ಲಿ ಒಂದು ನಿರ್ಣಯ ಸಾಕು. ಆ ದೃಷ್ಟಿಯಿಂದ ಮೈಸೂರಿನ ಓದುಗರಿಗಿಂತ ನಿಮ್ಮ ಕೆಲಸ ಸುಲಭ. ಬಾಡಿಗೆಗೆ ಕೊಟ್ಟು ಬೇರೆಡೆ ಇರುವ ಮಾಲೀಕರು ಬಂಡವಾಳಕ್ಕೆ ತಕರಾರು ಮಾಡುವುದುಂಟು. ಮುಂದಿನ ವರ್ಷಗಳ ನಿರ್ವಹಣಾ ಶುಲ್ಕ ಎಷ್ಟು ಇಳಿಯುತ್ತದೆಂಬ ಲೆಕ್ಕವನ್ನು ಅವರಿಗೆ ಸಭೆಗೆ ಮುಂಚೆಯೇ ಕಳುಹಿಸಿ.

ಪ್ರಶ್ನೆ: ನಮ್ಮೂರಿನ ಬಿಸಿಲಿಗೆ ಸೌರ ಫಲಕಗಳು ಬೇರೆಲ್ಲ ಊರುಗಳಿಗಿಂತ ಹೆಚ್ಚು ವಿದ್ಯುತ್ ಕೊಡಬೇಕಲ್ಲವೇ?
– ವಿದ್ಯಾರ್ಥಿಯೊಬ್ಬರು, ಕಲಬುರಗಿ

ಉತ್ತರ: ಫಲಕಕ್ಕೆ ಬೇಕಾದದ್ದು ಬೆಳಕು, ಶಾಖವಲ್ಲ. ಅದರ ಸಾಮರ್ಥ್ಯವನ್ನು ಅಳೆಯುವುದು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ಬಿಸಿಯಾದ ಪ್ರತಿ ಡಿಗ್ರಿಗೂ ಉತ್ಪಾದನೆ ಸುಮಾರು ಶೇಕಡ 0.3ರಿಂದ 0.4ರಷ್ಟು ಕುಸಿಯುತ್ತದೆ. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಫಲಕ 60 ಡಿಗ್ರಿ ಮುಟ್ಟಿದರೆ ಹತ್ತರಲ್ಲಿ ಒಂದು ಪಾಲಿಗೂ ಹೆಚ್ಚು ನಷ್ಟ. ಫಲಕದ ಅಡಿಯಲ್ಲಿ ಗಾಳಿಯಾಡುವಂತೆ ಅಂತರ ಬಿಡಿಸಿ. ನಿಮ್ಮ ಕಡೆಯ ಧೂಳಿಗೆ ಎರಡು ವಾರಕ್ಕೊಮ್ಮೆಯಾದರೂ ತೊಳೆಯಬೇಕಾಗುತ್ತದೆ. ಕಾದ ಗಾಜಿನ ಮೇಲೆ ತಣ್ಣೀರು ಸುರಿಯದೆ ಬೆಳಗಿನ ಹೊತ್ತು ತೊಳೆಯಿರಿ. ಕೊಳವೆಬಾವಿಯ ಗಡಸು ನೀರು ಬಳಸಿದರೆ ಒಣಗಿದ ಮೇಲೆ ಬಿಳಿಯ ಪೊರೆ ಕಟ್ಟುತ್ತದೆ, ಅದನ್ನು ತೆಗೆಯುವುದು ಧೂಳು ತೆಗೆಯುವುದಕ್ಕಿಂತ ಕಷ್ಟ. ನಲ್ಲಿಯ ಸಿಹಿನೀರು ಅಥವಾ ಹಿಡಿದಿಟ್ಟ ಮಳೆನೀರು ಉತ್ತಮ.