ಜಾವಾ 17ರಾಗ ಕನ್ಸೋಲ್ ಎಂಜಿನ್ ನಲ್ ಬರೋದು ಯಾಕ

ಕಲಬುರಗಿ ದಾಲ್ ಮಿಲ್ಲಿನ ತೂಕ-ಬಿಲ್ ಸ್ವಿಂಗ್ (ಜಾವಾದಾಗ ವಿಂಡೋ ಮಾಡೋ ಲೈಬ್ರರಿ) ಪ್ರೋಗ್ರಾಮಿನೊಳಗ ಸ್ಕ್ರಿಪ್ಟ್ ಬರೆದು ಓಡಿಸೋ ಕನ್ಸೋಲ್ ಜಾವಾ 8ರಾಗ ನಡೀತಿತ್ತು, 17ರಾಗ ಸ್ಕ್ರಿಪ್ಟ್ ಓಡಿಸೋ ಎಂಜಿನ್ ನಲ್ (ಅಂದ್ರ ಖಾಲಿ) ಬರ್ತದ ಅಂತ ಕೇಳೀರಿ. ನಿಮ್ಮ ಕೋಡ್‌ನಾಗ ತಪ್ಪಿಲ್ರಿ. ಜಾವಾ ಜೋಡಿ ಬರ್ತಿದ್ದ ಜಾವಾಸ್ಕ್ರಿಪ್ಟ್ ಎಂಜಿನ್ ನ್ಯಾಶಾರ್ನ್‌ನ ಜೆಡಿಕೆ (ಜಾವಾ ಡೆವಲಪ್‌ಮೆಂಟ್ ಕಿಟ್) 15ರಾಗೇ ತೆಗೆದಾರ, ಅದಕ್ಕ ಹುಡುಕಿದ್ರ ನಲ್ ಬರ್ತದ.

ನನ್ನ ಕೇಳಿದ್ರ ಅದರ ಬದಲಿ ಗ್ರೂವಿ (ಜಾವಾ ಜೋಡಿ ಓಡೋ ಸ್ಕ್ರಿಪ್ಟ್ ಭಾಷೆ) ಹಾಕ್ರಿ. ಜೆಶೆಲ್ (ಜಾವಾ ಕೋಡ್ ಸಾಲು ಸಾಲಾಗಿ ಓಡಿಸೋ ಟೂಲ್) ಜೆಡಿಕೆ ಜೋಡೀನೇ ಬರ್ತದ ಖರೆ, ಆದ್ರ ಅದು ಕೋಡ್‌ನ ಬ್ಯಾರೆ ಜೆವಿಎಂನಾಗ (ಜಾವಾ ಪ್ರೋಗ್ರಾಮ್ ಓಡಿಸೋ ಯಂತ್ರ) ಓಡಿಸ್ತದ, ನಿಮ್ಮ ಬಿಲ್ ಆಬ್ಜೆಕ್ಟ್ ಅದಕ್ಕ ಕಾಣಂಗಿಲ್ಲ. ಎಕ್ಸಿಕ್ಯೂಷನ್ ಎಂಜಿನ್ 'ಲೋಕಲ್' ಮಾಡಿದ್ರೂ ಸ್ಟ್ಯಾಟಿಕ್ ಫೀಲ್ಡ್ ಮೂಲಕಾನೇ ಕೊಡಬೇಕಾಗ್ತದ.

ಗ್ರೂವಿಯಾಗ ಒಂದು ಬೈಂಡಿಂಗ್ (ಸ್ಕ್ರಿಪ್ಟಿಗೆ ಕಾಣೋ ವೇರಿಯೇಬಲ್ ಇಡೋ ಜಾಗ) ಮಾಡಿ, ಸೆಟ್‌ವೇರಿಯೇಬಲ್‌ನಿಂದ ಆಬ್ಜೆಕ್ಟ್ ಸೇರಿಸಿ, ಸ್ಕ್ರಿಪ್ಟ್ ಓಡಿಸೋ ಗ್ರೂವಿಶೆಲ್‌ಗೆ ಕೊಡ್ರಿ. ಶೆಲ್ ಒಂದೇ ಇಟ್ಕೊಳ್ರಿ. ಪ್ರತಿ ಸಾಲಿಗೂ ಹೊಸ ಬೈಂಡಿಂಗ್ ಮಾಡಿದ್ರ ಹಿಂದಿನ ವೇರಿಯೇಬಲ್ ಎಲ್ಲಾ ಹೋಗ್ತಾವ. 'ಡೆಫ್' ಹಾಕಿ ಬರೆದ ವೇರಿಯೇಬಲ್ ಸಹ ಮುಂದಿನ ಸಾಲಿಗೆ ಸಿಗಂಗಿಲ್ಲ, ಅದು ಆ ಸ್ಕ್ರಿಪ್ಟಿಗಷ್ಟೇ ಲೋಕಲ್. ಭಾಳ ಮಂದಿ ಎಡವೋದು ಇಲ್ಲೇ. ಪ್ರಿಂಟ್‌ಎಲ್‌ಎನ್ ಔಟ್‌ಪುಟ್ ಟೆಕ್ಸ್ಟ್ ಏರಿಯಾಕ್ಕ ಬರಬೇಕಾದ್ರ ಬೈಂಡಿಂಗ್‌ನಾಗ 'ಔಟ್' ಹೆಸರಿಗೆ ನಿಮ್ಮ ಪ್ರಿಂಟ್‌ರೈಟರ್ ಇಡ್ರಿ.

ಸ್ಕ್ರಿಪ್ಟ್ ಓಡಿಸೋ ಇವ್ಯಾಲ್ಯುಯೇಟ್‌ನ ಬಟನ್ ಲಿಸನರ್ (ಬಟನ್ ಒತ್ತಿದಾಗ ನಡಿಯೋ ಕೋಡ್) ಒಳಗ ನೇರ ಕರೀಬ್ಯಾಡ್ರಿ. ವಿಂಡೋ ನಡೆಸೋ ಈವೆಂಟ್ ಥ್ರೆಡ್ ಸಿಕ್ಕೊಂಡು ಸ್ಕ್ರಿಪ್ಟ್ ಮುಗಿಯೋತನಕ ಇಡೀ ವಿಂಡೋ ಹ್ಯಾಂಗ್ ಆಗ್ತದ. ಹಿಂದ ಬ್ಯಾರೆ ಥ್ರೆಡ್‌ನಾಗ ಕೆಲಸ ಮಾಡೋ ಸ್ವಿಂಗ್‌ವರ್ಕರ್ ಒಳಗ ಓಡಿಸ್ರಿ, ಟೇಬಲ್ ಬದಲಿಸೋದು ಮಾತ್ರ ಕೆಲಸಾನ ಈವೆಂಟ್ ಥ್ರೆಡ್‌ಗೆ ಕಳಿಸೋ ಇನ್ವೋಕ್‌ಲೇಟರ್‌ನಾಗ. ಇನ್ನೊಂದು, ಯಾರರೆ ಕನ್ಸೋಲ್‌ನಾಗ ಸಿಸ್ಟಮ್ ಎಕ್ಸಿಟ್ (ಪ್ರೋಗ್ರಾಮ್ ಮುಚ್ಚೋ ಆಜ್ಞೆ) ಬರೆದ್ರ ಪೂರಾ ಬಿಲ್ಲಿಂಗೇ ಬಂದ್! ಗುಮಾಸ್ತರ ಲಾಗಿನ್‌ಗೆ ಕನ್ಸೋಲ್ ಮೆನು ತೋರಿಸಬ್ಯಾಡ್ರಿ.